ಒಂದಕ್ಷರದ ಕಂದಾಯ

ಬಹಳ ಹಿಂದೆ, ಕಲ್ಲಿಗೂ ಕಂಚಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಕುಮುದನಾಡು ಎಂಬ ಒಂದು ರಾಜ್ಯವಿತ್ತು. ಅದನ್ನು ಆಳುತ್ತಿದ್ದವನು ಏಳು ಕಡಲಾಚೆಯ ಒಬ್ಬ ಚಕ್ರವರ್ತಿ. ಅವನು ಆ ನೆಲವನ್ನು ಕಂಡವನಲ್ಲ, ಅಲ್ಲಿಯ ನೀರು ಕುಡಿದವನಲ್ಲ. ಆದರೂ ಉಪ್ಪಿಗೆ ಸುಂಕ ಹಾಕಿದ, ನೆರಳಿಗೆ ಸುಂಕ ಹಾಕಿದ. ಹಾಕಲು ಮತ್ತೇನೂ ಉಳಿಯದಿದ್ದಾಗ ಹೆಸರಿಗೆ ಹಾಕಿದ.

ಆಜ್ಞೆ ಚಿಕ್ಕದಾಗಿತ್ತು. ಪ್ರತಿ ಮನೆಯ ಯಜಮಾನನೂ ವರ್ಷಕ್ಕೆ ತನ್ನ ಹೆಸರಿನ ಒಂದು ಅಕ್ಷರವನ್ನು ಕಂದಾಯವಾಗಿ ಒಪ್ಪಿಸತಕ್ಕದ್ದು. ಕಾರಣ, ಚಕ್ರವರ್ತಿಯ ಬಿರುದಾವಳಿಗೆ ಅಕ್ಷರಗಳು ಸಾಲುತ್ತಿರಲಿಲ್ಲ. ಹೊಗಳುಭಟರು ಬೆಳಗ್ಗೆ ಆರಂಭಿಸಿದರೆ ಮಧ್ಯಾಹ್ನಕ್ಕೇ ಮುಗಿದುಹೋಗುತ್ತಿತ್ತು. ಅವನಿಗೆ ಸಂಜೆಯವರೆಗೂ ಕೇಳುವ ಆಸೆ.

ವಸೂಲಿಗೆ ಒಂದು ಕಂಚಿನ ಕೊಕ್ಕರೆ ಬರುತ್ತಿತ್ತು. ಹೊಸ್ತಿಲ ಮುಂದೆ ಒಂಟಿಕಾಲಲ್ಲಿ ನಿಂತು "ಹೆಸರು?" ಎನ್ನುತ್ತಿತ್ತು. ಯಜಮಾನ ಹೇಳಿದೊಡನೆ ಮೊದಲಕ್ಷರವನ್ನು ಹೆಕ್ಕಿ ನುಂಗುತ್ತಿತ್ತು. ಆ ಹೆಸರನ್ನು ಎಂದಾದರೂ ಉಚ್ಚರಿಸಿದ್ದ ಎಲ್ಲ ನಾಲಿಗೆಗಳಿಂದಲೂ ಆ ಅಕ್ಷರ ಅಳಿಸಿಹೋಗುತ್ತಿತ್ತು. ಏಳು ಕಡಲಾಚೆ ಬಿರುದಾವಳಿ ಅಷ್ಟು ಉದ್ದವಾಗುತ್ತಿತ್ತು. ಹುಲಿಗೆಪ್ಪನೆಂಬವನು ಮೊದಲ ವರ್ಷ ಲಿಗೆಪ್ಪನಾದ, ಮರುವರ್ಷ ಗೆಪ್ಪನಾದ, ಅದರ ಮರುವರ್ಷ ಬರಿಯ ಪ್ಪನಾದ. ಅದೂ ಹೋದಾಗ ಅವನ ಮುಖ ಮಸುಕಾಯಿತು. ಕರೆದರೆ ತಿರುಗದೆ ಕಡಲ ದಿಕ್ಕಿಗೆ ನಡೆದುಬಿಟ್ಟ. ಅಲ್ಲಿಯ ಸುಂಕದ ಕೋಟೆಯಲ್ಲಿ ಹೆಸರು ತೀರಿದವರು ಚಕ್ರವರ್ತಿಯ ಹಡಗುಗಳಿಗೆ ಹೊರೆ ಹೊರುತ್ತಿದ್ದರು.

ಆ ನಾಡಿನಲ್ಲಿ ಕಂಬಳಿ ನೇಯುವವನೊಬ್ಬನ ಹೆಂಡತಿ ಸಾತವ್ವ. ಅವಳ ಗಂಡನದು ನಾಲ್ಕಕ್ಷರದ ಹೆಸರು. ನಾಲ್ಕನೆಯ ವರ್ಷ ಕೊಕ್ಕರೆ ಬಂದು ಹೋದ ಮೇಲೆ ಅವನು, ನೆಯ್ಯುತ್ತಿದ್ದ ಕಂಬಳಿಯನ್ನೂ ಮಗಳು ಗುರವಿಯನ್ನೂ ನೋಡದೆ ಅಂಗಳ ದಾಟಿದ. ಅವನ ತಾಯಿ ಕರೆಯಲು ಬಾಯಿ ತೆರೆದಳು. ಬಾಯಲ್ಲಿ ಏನೂ ಇರಲಿಲ್ಲ.

"ತೊಟ್ಟಿಲಿಗೆ ಹಾಕಿ ನಾನೇ ಇಟ್ಟ ಹೆಸರು, ಸಾತಿ," ಎಂದಳು. "ಮರೆತುಹೋತಲ್ಲ."

ಸಾತವ್ವನಿಗೆ ಮರೆತಿರಲಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ತಗ್ಗುತ್ತದೆ ಎಂಬುದು ಆ ನಾಡಿನ ನಂಬಿಕೆ. ಹೆಂಗಸರು ಯಾರೂ ಹೇಳುತ್ತಿರಲಿಲ್ಲ. ಅವನ ಹೆಸರು ಅವಳ ಮನಸ್ಸಿನಲ್ಲಿ ಮಾತ್ರ ಇತ್ತು, ನಾಲಿಗೆಗೆ ಒಮ್ಮೆಯೂ ಬಂದಿರಲಿಲ್ಲ. ನಾಲಿಗೆಯ ಮೇಲಿಲ್ಲದ್ದನ್ನು ಕೊಕ್ಕರೆ ಹೆಕ್ಕಲಾರದು.

"ಅತ್ತೀ, ಗುರವೀನ ನೋಡಿಕೊಳ್ರಿ. ಅವರನ್ನ ಕರಕೊಂಡು ಬರ್ತೀನಿ."

"ಏನಂತ ಕರೀತಿ?"

"ದಾರಿಯಲ್ಲಿ ಯೋಚನೆ ಮಾಡ್ತೀನಿ."

ಕೋಟೆಯ ಮೊದಲ ಬಾಗಿಲಲ್ಲಿ ಕಲ್ಲಿನ ಯಾಳಿ ಇತ್ತು. "ಯಾರು ಬೇಕು? ಹೆಸರು ಹೇಳು," ಎಂದಿತು. ಆ ಕೋಟೆಯಲ್ಲಿ ಹೆಸರು ಹೇಳಿದರೆ ಅದು ಕೊಕ್ಕರೆಯ ಪಾಲು. ಸಾತವ್ವ, "ನಮ್ಮವರು ಬೇಕು," ಎಂದಳು.

"ಇಲ್ಲಿರುವವರೆಲ್ಲ ಚಕ್ರವರ್ತಿಯವರು."

"ಹಾಗಂತ ಚಕ್ರವರ್ತಿ ಹೇಳಿರಬೇಕು. ನಮ್ಮವರು ಅಂತ ನಾನು ಹೇಳ್ತೀನಿ."

ಇಂಥ ಉತ್ತರಕ್ಕೆ ಏನು ಮಾಡಬೇಕೆಂದು ಯಾಳಿಗೆ ಆಜ್ಞೆ ಬಂದಿರಲಿಲ್ಲ. ಆಜ್ಞೆ ಬರುವವರೆಗೆ ಕಲ್ಲಾಗಿರುವುದೇ ಕ್ಷೇಮವೆಂದು ಅದು ಕಲ್ಲಾಯಿತು. ಸಾತವ್ವ ಅದರ ಕಾಲುಗಳ ನಡುವೆ ನುಸುಳಿದಳು.

ಎರಡನೆಯ ಬಾಗಿಲಲ್ಲಿ ಏಳು ಹೆಡೆಯ ಸರ್ಪ. ಏಳೂ ಹೆಡೆ ಒಟ್ಟಿಗೆ, "ಹೆಸರು ಹೇಳು," ಎಂದವು.

"ನಮ್ಮ ಮಗಳ ಅಪ್ಪ."

"ಅಪ್ಪ ಎನ್ನುವುದು ಹೆಸರಲ್ಲ," ಎಂದಿತು ಒಂದು ಹೆಡೆ.

"ಎಷ್ಟೋ ಹೆಸರುಗಳ ಬಾಲದಲ್ಲಿದ್ದ ಅಪ್ಪ ಹೆಸರೇ ಆಗಿತ್ತು. ಕಂದಾಯ ಪಡೆದಿದ್ದೇವೆ," ಎಂದಿತು ಇನ್ನೊಂದು.

"ಹಾಗಾದರೆ ನಿನ್ನನ್ನೂ ಅಪ್ಪ ಎನ್ನಲೇ?" ಎಂದು ಮೂರನೆಯದು ಹಂಗಿಸಿತು. ಏಳೂ ಜಗಳಕ್ಕೆ ಬಿದ್ದು ಹೆಣೆದುಕೊಂಡು ಗಂಟಾದವು. ಸಾತವ್ವ ಗಂಟನ್ನು ದಾಟಿದಳು.

ಮೂರನೆಯ ಬಾಗಿಲಾಚೆ ವಿಶಾಲ ಅಂಗಳ. ಸಾವಿರ ಜನ ಹೊರೆ ಹೊತ್ತು ನಡೆಯುತ್ತಿದ್ದರು, ಒಬ್ಬರಿಗೂ ಮುಖವಿರಲಿಲ್ಲ. ನಡುವೆ ಕಂಚಿನ ಕೊಕ್ಕರೆ ನಿಂತಿತ್ತು.

"ಜಾಣೆ," ಎಂದಿತು ಅದು. "ಇಲ್ಲಿ ಜಾಣತನ ನಡೆಯುವುದಿಲ್ಲ. ಒಮ್ಮೆ ಕರೆ. ತಿರುಗಿದವನು ನಿನ್ನವನು. ಕರೆದ ಅಕ್ಷರ ನನ್ನದು."

ಹೆಸರು ಕೂಗಿದರೆ ಅದು ಉಳಿದಿದ್ದ ಕೊನೆಯ ಜಾಗದಿಂದಲೂ ಹೋಗುತ್ತದೆ. ಕೂಗದಿದ್ದರೆ ಅವನು ಹೋಗುತ್ತಾನೆ. ಸಾತವ್ವ ಸಾವಿರ ಬೆನ್ನುಗಳನ್ನು ನೋಡಿದಳು. ಆಮೇಲೆ, ರೊಟ್ಟಿ ಬೇಯಿಸಿಟ್ಟು ಮಗ್ಗದ ಕಡೆಗೆ ದಿನವೂ ಹೇಗೆ ಕೂಗುತ್ತಿದ್ದಳೋ ಹಾಗೆಯೇ ಕೂಗಿದಳು.

"ರೀ."

ಸಾವಿರ ಜನ ಒಂದು ಗಳಿಗೆ ತಡೆದು ನಿಂತರು. ಒಬ್ಬ ಮಾತ್ರ ತಿರುಗಿದ.

ಕೊಕ್ಕರೆ ಅಷ್ಟರಲ್ಲಿ ಅದನ್ನು ಹೆಕ್ಕಿ ನುಂಗಿತ್ತು. ಒಬ್ಬನ ಹೆಸರಿನ ಅಕ್ಷರ ಸಾಸಿವೆಯಷ್ಟು ಹಗುರ. ಇದು ಯಾರೊಬ್ಬರ ಹೆಸರೂ ಅಲ್ಲ, ಸಾವಿರ ಹೆಂಡತಿಯರು ಸಾವಿರ ಗಂಡಂದಿರನ್ನು ದಿನವೂ ಕರೆದ ಕರೆ. ಅದು ಗಂಟಲಲ್ಲಿ ಬಂಡೆಯಂತೆ ಸಿಕ್ಕಿಕೊಂಡಿತು. ಕಂಚು ಬಿರಿಯಿತು. ನುಂಗಿದ್ದ ಅಕ್ಷರಗಳೆಲ್ಲ ನೆಲದ ಮೇಲೆ ಚೆಲ್ಲಿ, ಯಾವುದು ಯಾರದೆಂದು ತಿಳಿಯದೆ ಬೆರೆತು ರಾಶಿಯಾದವು.

ತಿರುಗಿದವನು ಹತ್ತಿರ ಬಂದ. "ನೀವು ಕರೆದಿರಾ? ನಾನು ಯಾರು?"

ಅವನು ತನ್ನನ್ನು ಬಹುವಚನದಲ್ಲಿ ಮಾತನಾಡಿಸಿದ್ದು ಅವಳಿಗೆ ಚುಚ್ಚಿತು. "ಹೆಸರು ಹೇಳಿದರ ನಿಮ್ಮ ಆಯುಷ್ಯ ಕಡಿಮಿ ಆಗ್ತದಂತ," ಎಂದಳು.

"ಯಾರು ಹೇಳಿದರು?"

"ಗೊತ್ತಿಲ್ಲ. ಅವರನ್ನ ಯಾರೂ ನೋಡಿಲ್ಲ."

ಆಡಿದ ಮಾತು ಅವಳಿಗೇ ಕೇಳಿಸಿತು. ಕಂಡರಿಯದವರಿಗೆ ಕಟ್ಟುತ್ತ ಬಂದ ಕಂದಾಯ ಇದೂ ಒಂದು. ಸಾತವ್ವ ಅವನ ಒರಟು ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಮುಗಿಲಯ್ಯ," ಎಂದಳು.

ರಾಶಿಯಿಂದ ನಾಲ್ಕು ಅಕ್ಷರಗಳು ಎದ್ದು ಬಂದು ಅವನ ಎದೆಯಲ್ಲಿ ಕೂತವು. ಮೊದಲು ಕಣ್ಣು ಮೂಡಿತು, ಆಮೇಲೆ ಮುಖ.

"ಸಾತಿ," ಎಂದ ಅವನು. "ಇನ್ನೊಮ್ಮೆ ಹೇಳು."

"ಮುಗಿಲಯ್ಯ."

"ಹೆಸರು ಚಲೋ ಅದ."

"ನನಗ ಹನ್ನೆರಡು ವರ್ಷದಿಂದ ಗೊತ್ತದ."

ಸುದ್ದಿ ನಾಡನ್ನು ಮುಟ್ಟಿತು. ಹೆಂಡತಿಯರೆಲ್ಲ ಕೋಟೆಗೆ ಬಂದರು. ಒಬ್ಬೊಬ್ಬಳೂ ನಾಚುತ್ತ, ನಗುತ್ತ, ಅಳುತ್ತ ಒಂದೊಂದು ಹೆಸರು ಹೇಳಿದಳು. ಒಬ್ಬೊಬ್ಬನಿಗೂ ಮುಖ ಬಂತು. ಏಳು ಕಡಲಾಚೆ ಹೊಗಳುಭಟರು ಬಾಯಿ ತೆರೆದರೆ ಬಿರುದಿರಲಿಲ್ಲ. ಚಕ್ರವರ್ತಿ ಹೊಸ ಆಜ್ಞೆ ಬರೆಸಿದ, ಆದರೆ ಕಸಿದ ಅಕ್ಷರಗಳಲ್ಲಿ ಬೆರೆತಿದ್ದ ಅವನ ಸ್ವಂತ ಅಕ್ಷರಗಳೂ ಹೋಗಿ, ಅದರ ಕೆಳಗೆ ಹಾಕಲು ಅವನಲ್ಲಿ ಒಂದಕ್ಷರದ ಹೆಸರೂ ಉಳಿದಿರಲಿಲ್ಲ. ಅಂಕಿತವಿಲ್ಲದ ಆಜ್ಞೆಯನ್ನು ಯಾರೂ ಪಾಲಿಸಲಿಲ್ಲ.

ಕುಮುದನಾಡಿನವರು ಉಪ್ಪನ್ನು ಉಪ್ಪೆಂದೇ ಉಂಡು, ನೆರಳನ್ನು ನೆರಳೆಂದೇ ಹಾಸಿ, ಸುಖವಾಗಿ ಬಾಳಿದರು. ಮುಗಿಲಯ್ಯ, ದಿನಕ್ಕೆ ಹತ್ತು ಸಲ ಹೆಂಡತಿಯಿಂದ ಹೆಸರು ಕೂಗಿಸಿಕೊಂಡು, ತೊಂಬತ್ತಾರು ವರ್ಷ ಬದುಕಿದ.