ಶ್ರವಣ ಕೇಳಿದ್ದು

ಯಂತ್ರದ ಮುಂದೆ ಕೂತು ಎರಡು ನಿಮಿಷ ಏನಾದರೂ ಮಾತಾಡಬೇಕು, ಅಷ್ಟೇ. ಶಾಂಭವಿ ಬೆಳಿಗ್ಗೆ ಮಾಡಿದ ಉಪ್ಪಿಟ್ಟಿನ ಬಗ್ಗೆ ಹೇಳಿದಳು. ಉಪ್ಪಿಟ್ಟು ಮುಗಿಯುವ ಮೊದಲೇ ಕೆಂಪು ದೀಪ ಹತ್ತಿತು.

ಆ ಯಂತ್ರವಿದ್ದ ವಿಶ್ವವಿದ್ಯಾಲಯದ ಕ್ಯಾನ್ಸರ್ ಸಂಶೋಧನಾ ಮತ್ತು ಚಿಕಿತ್ಸಾ ಕೇಂದ್ರದಲ್ಲಿ, 2059ರ ಹೊತ್ತಿಗೆ, ಕೆಂಪು ದೀಪವನ್ನು ಪ್ರಶ್ನಿಸುವವರು ಉಳಿದಿರಲಿಲ್ಲ. ಯಂತ್ರದ ಹೆಸರು ಶ್ರವಣ; ರೋಗಿಗಳ ಜೊತೆ ಬಂದ ಮನೆಯವರನ್ನೂ ಅದರ ಮುಂದೆ ಕೂರಿಸುತ್ತಿದ್ದರು. ಕ್ಯಾನ್ಸರ್ ಇರುವವರ ಧ್ವನಿಯಲ್ಲಿ ಕಿವಿಗೆ ಸಿಗದಷ್ಟು ಸಣ್ಣ ನಡುಕವಿರುತ್ತದೆ, ರೋಗ ಕಾಣಿಸುವ ಐದಾರು ವರ್ಷ ಮೊದಲೇ ಅದು ಹುಟ್ಟಿಕೊಂಡಿರುತ್ತದೆ ಎಂಬುದು ಅದರ ಹಿಂದಿನ ಸಿದ್ಧಾಂತ. ಕೆಂಪು ಬಂದವರಿಗೆ ಚುಚ್ಚುಮದ್ದು. ಬೇಗಬೇಗ ಒಡೆದು ಹೆಚ್ಚುವ ಜೀವಕೋಶಗಳನ್ನು ಅದು ಕೊಲ್ಲುತ್ತದೆ. ಜೊತೆಗೆ ಮಕ್ಕಳಾಗುವ ಶಕ್ತಿಯನ್ನೂ. ಆದರೂ ನಾಲ್ಕು ಸಾವಿರದ ಇನ್ನೂರು ಮಂದಿ ಚುಚ್ಚಿಸಿಕೊಂಡಿದ್ದರು. ಅವರಲ್ಲಿ ಒಬ್ಬರಿಗೂ ಕ್ಯಾನ್ಸರ್ ಬಂದಿರಲಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ಯಾರಿಗೆ ಬೇಕು?

ಶಾಂಭವಿಗೆ ಇಪ್ಪತ್ತಾರು ವರ್ಷ. ಮದುವೆಯಾಗಿ ಎರಡಾಗಿತ್ತು, ಮಗುವಿನ್ನೂ ಆಗಿರಲಿಲ್ಲ. ಚುಚ್ಚುಮದ್ದಿನ ದಿನ ಅವಳು ನೇರವಾಗಿ ಶ್ರವಣವನ್ನು ಕಟ್ಟಿದ ವಿಜ್ಞಾನಿ ಡಾ. ಅನಸೂಯಾ ಪಡೇಸೂರ ಅವರ ಕೋಣೆಗೆ ಬಂದಳು. ಅಪ್ಪ ಮಡಿವಾಳಪ್ಪ ಹೊರಗೆ ಚಹಾ ಕುಡಿಯುತ್ತಿದ್ದ.

"ಮೇಡಮ್ಮಾರ, ಒಂದು ಕೇಳತೇನಿ, ಬೈಬ್ಯಾಡ್ರಿ. ನಮ್ಮಪ್ಪಗ ಹೊಟ್ಟಿ ಕ್ಯಾನ್ಸರ್ ಅಂತ ಹೋದ ತಿಂಗಳ ಇಲ್ಲೇ ಸ್ಕ್ಯಾನ್ ಮಾಡಿ ಹೇಳ್ಯಾರ. ಅವಗ ಗೊತ್ತಿಲ್ಲ. ಗ್ಯಾಸ್ ಅಂತ ಹೇಳೇನಿ. ಮೊನ್ನಿ ಸುಮ್ಮನ ಮಜಾಕ್ಕ ಅವನೂ ಮಷೀನ್ ಮುಂದ ಕುಂತು ತನ್ನ ಬಸ್ ಡಿಪೋದಾಗಿನ ಕತಿ ಹೇಳಿದ. ಹಸರು ದೀಪ ಬಂತು! ಗಂಟು ಇದ್ದವಗ ಹಸರು, ನನಗ ಕೆಂಪು. ಇದೆಂಥಾ ಶಾಸ್ತ್ರರೀ?"

"ನೂರರಾಗ ಆರು ಸಲ ತಪ್ಪತೈತವ್ವ," ಎಂದರು ಅನಸೂಯಾ.

"ಆ ಆರರಾಗ ನಾನೂ ಇರಬಹುದಲ್ರಿ?"

ಅನಸೂಯಾ ಚುಚ್ಚುಮದ್ದನ್ನು ಮಧ್ಯಾಹ್ನಕ್ಕೆ ಮುಂದೂಡಿ, ಶ್ರವಣಕ್ಕೆ ಪಾಠವಾಗಿದ್ದ ಹಳೆಯ ಧ್ವನಿಮುದ್ರಿಕೆಗಳನ್ನು ತರಿಸಿಕೊಂಡರು. ನೋಂದಣಿ ಕೌಂಟರಿನಲ್ಲಿ ಸಂಗ್ರಹಿಸಿದ ಹನ್ನೆರಡು ಸಾವಿರ ಮಾತುಕತೆ. ಕೇಂದ್ರದವರೆಲ್ಲ ಅದರ ಟೈಪಾದ ಹಾಳೆಗಳನ್ನಷ್ಟೇ ಓದಿದ್ದರು. ಓದುವವರ ಕಣ್ಣು ಹಾರಿಸಿದ್ದು ಕೂತು ಕೇಳುವವರ ಕಿವಿಗೆ ತಟ್ಟುತ್ತದೆ ಎಂದು ಅವರ ಅಜ್ಜಿ, ಕಾವ್ಯವಾಚನಕ್ಕೆ ಕೂತಾಗೆಲ್ಲ ಹೇಳುತ್ತಿದ್ದಳು. ಅನಸೂಯಾ ಕಣ್ಣು ಮುಚ್ಚಿ ಮೊದಲ ಮುದ್ರಿಕೆಗೆ ಕಿವಿಗೊಟ್ಟರು. ಕೌಂಟರಿನವನ ಪ್ರಶ್ನೆ:

"ನಿಮ್ಮ ಹೆಸರೇನವ್ವ?"

"ಆಕಿ ಹೆಸರು ಗಂಗವ್ವರಿ." ಗಂಡಸಿನ ಧ್ವನಿ.

"ಊಟ ಸೇರತೈತೇನವ್ವ?"

"ಎಲ್ಲೀದು ಬಿಡ್ರಿ, ಎರಡು ತುತ್ತು." ಅದೇ ಧ್ವನಿ. ಹಿಂದೆಲ್ಲೋ ಒಬ್ಬಾಕೆ ಕೆಮ್ಮಿದಳು. ಆಮೇಲೆ ಅದೇ ಗಂಡಸು ತಗ್ಗಿದ ದನಿಯಲ್ಲಿ, "ಆಕಿಗೆ ಹೇಳಬ್ಯಾಡ್ರಿ ಸಾಹೇಬ್ರ. ತಡಕೊಳ್ಳೂದಿಲ್ಲ."

ಇನ್ನೊಂದು. ಮಗ ಮಾತಾಡಿದ. ಮತ್ತೊಂದು. ಅಣ್ಣ. ನಲವತ್ತು ಕೇಳುವಷ್ಟರಲ್ಲಿ ರೋಗಿಯೇ ಬಾಯಿಬಿಟ್ಟದ್ದು ಮೂರು ಸಲ. ಆರೋಗ್ಯವಂತರ ಮಾದರಿಗೆಂದು ತಂದ ಧ್ವನಿಗಳು ವಿದ್ಯಾರ್ಥಿಗಳವು. ಅವರು ತಮ್ಮ ಹೆಸರನ್ನು ತಾವೇ ಹೇಳಿದ್ದರು. ಶ್ರವಣ ಕಲಿತದ್ದು ಕ್ಯಾನ್ಸರನ್ನಲ್ಲ. ಗೊತ್ತಿದ್ದೂ ಬಚ್ಚಿಟ್ಟುಕೊಂಡವರ ನಡುಕವನ್ನು. ಇಲ್ಲದ ರೋಗಕ್ಕೆ ಚುಚ್ಚಿಸಿಕೊಂಡವರಿಗೆ ಆ ರೋಗ ಬಾರದಿದ್ದುದರಲ್ಲಿ ಆಶ್ಚರ್ಯವೇನು?

ನಿರ್ದೇಶಕ ಡಾ. ನಿಂಬರಗಿ ಪೂರ್ತಿ ಕೇಳಿಸಿಕೊಂಡರು. ಕನ್ನಡಕ ತೆಗೆದು ಒರೆಸಿದರು.

"ಮಷೀನ್ ಇವತ್ತ ಬಂದ್ ಮಾಡೋಣ. ರಿಪೇರಿ ಅಂತ ಬೋರ್ಡ್ ಹಾಕ್ರಿ."

"ಚುಚ್ಚಿಸಿಕೊಂಡವರಿಗೆ, ಸರ್?"

"ನಾಲ್ಕು ಸಾವಿರ ಮನಿ, ಅನಸೂಯಾ. ಜೀವ ಉಳೀತು ಅಂತ ದೇವರಿಗೆ ದೀಪ ಹಚ್ಚಿಕೊಂಡು ಕುಂತಾರ. ಅವರಿಗೆ ಹೇಳಬ್ಯಾಡ್ರಿ. ತಡಕೊಳ್ಳೂದಿಲ್ಲ."

ಬೆಳಗಿನಿಂದ ಕಿವಿಯಲ್ಲಿ ತುಂಬಿಕೊಂಡಿದ್ದ ಮಾತು ಎದುರಿನ ಕುರ್ಚಿಯಿಂದಲೇ ಬಂತು. ಅನಸೂಯಾ ಎದ್ದು ಹೊರಗೆ ಬಂದರು.

ಶಾಂಭವಿಯ ಚುಚ್ಚುಮದ್ದಿನ ಚೀಟಿಯ ಮೇಲೆ ಅಡ್ಡಗೆರೆ ಎಳೆದು ಸಹಿ ಹಾಕಿದರು. ಅವಳನ್ನು ಕೂರಿಸಿಕೊಂಡು ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದರು. ಕೇಳುತ್ತ ಕೇಳುತ್ತ ಶಾಂಭವಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ಅತ್ತಳು, ನಕ್ಕಳು, ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಒಮ್ಮೆಗೇ ಅವಳ ಮುಖ ಬಿಳಿಚಿತು.

"ನಮ್ಮಕ್ಕಗ ಹೋದ ವರ್ಷ ಇಲ್ಲೇ ಚುಚ್ಚೀರಿ. ಅವಾಗ ನಮ್ಮವ್ವಗ ಕ್ಯಾನ್ಸರ್ ಜಡ್ಡಿತ್ತು, ಅಕ್ಕನೇ ದವಾಖಾನಿಗೆ ಕರಕೊಂಡು ಬರ್ತಿದ್ಲು. ಅವ್ವಗ ಏನೂ ಹೇಳಿರಲಿಲ್ಲ."

"ನಾನ ಬಂದು ನಿಮ್ಮ ಅಕ್ಕಗ ಹೇಳತೇನಿ. ನಾಳೆನ ಬರತೇನಿ. ಮನಿ ಎಲ್ಲೈತಿ ಹೇಳು."

ಶಾಂಭವಿ ಬಾಗಿಲ ಕಡೆ ತಿರುಗಿದಳು. ಬಾಗಿಲಾಚೆ ಮಡಿವಾಳಪ್ಪ ಯಾರಿಗೋ ಏನೋ ಹೇಳಿ ಗಟ್ಟಿಯಾಗಿ ನಗುತ್ತಿದ್ದ.

"ಬ್ಯಾಡ್ರಿ ಮೇಡಮ್ಮಾರ," ಎಂದಳು. "ಆಕಿ ತಡಕೊಳ್ಳೂದಿಲ್ಲ."

ಈ ಮಾತನ್ನು ಯಾವ ಯಂತ್ರವೂ ಕಂಡುಹಿಡಿದದ್ದಲ್ಲ. ಶ್ರವಣ ಹುಟ್ಟುವುದಕ್ಕೆ ಇನ್ನೂ ಹಲವು ವರ್ಷಗಳಿರುವ ಈ ಹೊತ್ತಿನಲ್ಲೂ, ಯಾವುದೋ ಆಸ್ಪತ್ರೆಯ ಕೌಂಟರಿನಲ್ಲಿ ಪ್ರೀತಿಯಿಂದಲೇ ಯಾರೋ ಅದನ್ನು ಹೇಳುತ್ತಿದ್ದಾರೆ; ಯಾರ ಬಗ್ಗೆ ಹೇಳುತ್ತಿದ್ದಾರೋ ಅವರು ಎರಡು ಮಾರು ದೂರದ ಬೆಂಚಿನ ಮೇಲೆ, ತಮ್ಮನ್ನು ಯಾರಾದರೂ ಕೇಳಿಯಾರೆಂದು ಕಾಯುತ್ತ, ಸುಮ್ಮನೆ ಕೂತಿದ್ದಾರೆ.