ಮುಚ್ಚಿಟ್ಟ ಆ ನಾಲ್ಕು ದಿನ

"ಮೇಡಂ, ಈ ಚಕ್ರ ಕಳಿಸಬ್ಯಾಡ್ರಿ. ಇದರಾಗ ಬಿರುಕು ಐತಿ!"

ಸುಕೃತಿ ಥಟ್ಟನೆ ತಿರುಗಿದಳು. ಪೀಣ್ಯದ ಆ ಕಾರ್ಖಾನೆಗೆ ಎಂಜಿನಿಯರಾಗಿ ಸೇರಿ ಅವಳಿಗೆ ಅಂದು ಮೂರನೇ ದಿನ. ಎದುರಿಗೆ ನಿಂತಿದ್ದವನು ಪಾಲಿಶ್ ವಿಭಾಗದ ಈಶಪ್ಪ, ಬಾಗಲಕೋಟೆ ಕಡೆಯವನು. ಅವನ ಕೈಯಲ್ಲಿ ಆಗಷ್ಟೇ ತಯಾರಾದ ಟರ್ಬೈನ್ ಚಕ್ರ. ಲೋಹದ ಪುಡಿಯನ್ನು ಲೇಸರ್ ಕಿರಣದಿಂದ ಕರಗಿಸುತ್ತಾ, ಪದರದ ಮೇಲೆ ಪದರ ಕೂರಿಸಿ, ಯಂತ್ರ ಮೂವತ್ತು ಗಂಟೆ ಕಟ್ಟಿದ್ದ ಚಕ್ರ.

"ಬಿರುಕಾ? ನನಗೆ ಕಾಣ್ತಾನೇ ಇಲ್ವಲ್ಲ!"

"ಕಾಣಂಗಿಲ್ರಿ, ಕೇಳಸ್ತೈತಿ." ಸಣ್ಣ ಸುತ್ತಿಗೆಯಿಂದ ಒಮ್ಮೆ ತಟ್ಟಿದ. "ಗಂಟಿ ಹಂಗ ಗುಂಯ್ ಅನಬೇಕು. ಇದು ಒಡದ ಗಡಿಗಿ ಸಪ್ಪಳ ಮಾಡ್ತೈತಿ."

ಅವಳು ನಕ್ಕುಬಿಟ್ಟಳು. ಆದರೆ ಸಂಜೆ ಸ್ಕ್ಯಾನ್ ಮಾಡಿದಾಗ ಬಿರುಕು ಅಲ್ಲೇ ಇತ್ತು, ಲೋಹದ ಒಡಲೊಳಗೆ!

ನಾಚಿಕೆಯಿಂದ ಅವಳೇ ಅವನನ್ನು ಹುಡುಕಿಕೊಂಡು ಹೋದಳು. "ಸಾರಿ ಈಶಪ್ಪ... ನನಗೂ ಕಲಿಸಿಕೊಡ್ತೀರಾ?"

ಹಾಗೆ ಶುರುವಾಯಿತು. ಆರು ತಿಂಗಳು ಅವನು ನೂರಾರು ಬಿಡಿಭಾಗಗಳನ್ನು ತಟ್ಟಿ "ಚಲೋ", "ಕೆಟ್ಟೈತಿ" ಎನ್ನುತ್ತಿದ್ದ. ಅವಳು ಪ್ರತಿ ಸದ್ದನ್ನೂ ಧ್ವನಿಮುದ್ರಿಸಿ ಕಂಪ್ಯೂಟರಿಗೆ ಕಲಿಸುತ್ತಿದ್ದಳು. ನಡುವೆ ಚಹಾ, ನಗು, ಸಣ್ಣಪುಟ್ಟ ಜಗಳ... 'ಮೇಡಂ' ಹೋಗಿ 'ಸುಕೃತಿ' ಬಂದಿತ್ತು. ಒಂದು ದಿನ ಅವನೇ ತಲೆ ತಗ್ಗಿಸಿ, "ನೀ ಬರದಿದ್ದ ದಿನ ನನಗ ಒಂದೂ ಸಪ್ಪಳ ಸರಿ ಕೇಳಂಗಿಲ್ಲ" ಎಂದಿದ್ದ. ಅವಳ ಕಣ್ಣು ತುಂಬಿ ಬಂದಿತ್ತು.

ಆ ಸೋಮವಾರ ಮ್ಯಾನೇಜರ್ ವಾದಿರಾಜ ಅವಳನ್ನು ಕ್ಯಾಬಿನ್ನಿಗೆ ಕರೆದ.

"ಕಂಗ್ರಾಟ್ಸ್ ಸುಕೃತಿ! ನಿಮ್ಮ ಸಾಫ್ಟ್‌ವೇರ್ ಸಕ್ಕತ್ತಾಗಿದೆ. ಇನ್ನು ಈಶಪ್ಪ ಯಾಕೆ ಬೇಕು ಹೇಳಿ? ಶುಕ್ರವಾರ ಅವನಿಗೆ ಲಾಸ್ಟ್ ಡೇ. ಅಲ್ಲೀವರೆಗೂ ಬಾಯಿ ಬಿಡ್ಬೇಡಿ."

"ಸಾರ್, ಅದೆಲ್ಲ ಅವರೇ ಕಲಿಸಿದ್ದು..."

"ಕಲಿಸಿ ಆಯ್ತಲ್ಲ."

ಅವಳು ಕ್ಯಾಬಿನ್ನಿನಿಂದ ಹೊರಬಂದಳು. ಈಗಲೇ ಹೇಳಿಬಿಡಲೇ? ಹೇಳಿದರೆ ಅವನು ನನ್ನನ್ನೇ ಬಿಟ್ಟು ಹೋದರೆ? ಇಂದು ಹೇಳುವೆ, ನಾಳೆ ಹೇಳುವೆ ಎನ್ನುತ್ತಲೇ ನಾಲ್ಕು ದಿನ ಅವನ ಎದುರು ಕೂತು ಚಹಾ ಕುಡಿದಳು. ನಕ್ಕಳು ಕೂಡ.

ಶುಕ್ರವಾರ ಈಶಪ್ಪ ಕೆಲಸದಿಂದ ತೆಗೆದ ಕಾಗದ ಹಿಡಿದು ನೇರವಾಗಿ ಅವಳ ಬಳಿ ಬಂದ.

"ಮ್ಯಾನೇಜರ್ ಹೇಳಿದ್ರು, ನಿನಗ ಸೋಮವಾರನ ಗೊತ್ತಿತ್ತಂತ. ಖರೇನಾ?"

ಅವಳು ಕಣ್ಣು ತಪ್ಪಿಸಿದಳು.

"ಆರು ತಿಂಗಳ ಪ್ರೀತಿ... ರೆಕಾರ್ಡ್ ಮಾಡಾಕ ಇತ್ತೇನು?"

"ಅಲ್ಲ! ಈಶಪ್ಪ, ಕೇಳು..."

ಅವನು ಕೇಳಲಿಲ್ಲ. ಫೋನ್ ಸ್ವಿಚ್ ಆಫ್ ಆಯಿತು. ಬಾಗಲಗುಂಟೆಯ ಅವನ ಕೋಣೆಗೆ ಹೋದರೆ ತಂಗಿ ಮಹಾನಂದಾ, "ಇನ್ನೂ ಏನ್ ಕಸಗೊಳ್ಳೋದೈತ್ರಿ ನಿಮಗ?" ಎಂದು ಬಾಗಿಲು ಹಾಕಿದಳು.

ಎಂಟು ತಿಂಗಳ ನಂತರ ಅದೇ ಮಹಾನಂದಾ ಕಾರ್ಖಾನೆಯ ಗೇಟಿನ ಬಳಿ ನಿಂತಿದ್ದಳು.

"ಅಣ್ಣ ಕುಂದಲಹಳ್ಳ್ಯಾಗ ಕಟ್ಟಡದ ಕೆಲಸಕ್ಕ ಗ್ರಾನೈಟ್ ಕೊಯ್ತಾನ್ರಿ. ಆ ಮಷೀನ್ ಸಪ್ಪಳಕ್ಕ ಎಡಗಿವಿ ಹೋಗೈತಿ. ದವಾಖಾನಿಗೆ ಬಾ ಅಂದ್ರ ಬರವಲ್ಲ. ನಿಮ್ಮ ಮ್ಯಾಲ ಸಿಟ್ಟೈತಿ ನನಗ... ಆದ್ರೂ ನಿಮ್ಮ ಮಾತರ ಕೇಳ್ತಾನೇನೋ ನೋಡ್ರಿ."

ಲೋಹದ ಒಡಲಿನ ನೋವನ್ನು ಕೇಳುತ್ತಿದ್ದ ಕಿವಿ! ಸುಕೃತಿ ಆ ಕ್ಷಣವೇ ಕುಂದಲಹಳ್ಳಿಗೆ ಹೊರಟಳು.

ಅರ್ಧ ಕಟ್ಟಿದ ಅಪಾರ್ಟ್‌ಮೆಂಟಿನ ಕೆಳಗೆ, ಬಿಳಿ ಧೂಳಿನಲ್ಲಿ ಮುಳುಗಿ ಅವನು ಕಲ್ಲು ಕೊಯ್ಯುತ್ತಿದ್ದ. ಎಡಗಡೆಯಿಂದ ಮೂರು ಸಲ ಕೂಗಿದಳು. ಅವನು ಯಂತ್ರ ನಿಲ್ಲಿಸಿದ ಮೇಲೆ ಮತ್ತೊಮ್ಮೆ ಕೂಗಿದಳು. ದನಿ ಯಾವ ಕಡೆಯದೆಂದು ತಿಳಿಯದೆ ಅವನು ಬಲಕ್ಕೆ ತಿರುಗಿ ಹುಡುಕಿದ. ಎದುರಿಗೆ ಬಂದು ನಿಂತಾಗಲೇ ಅವನು ಅವಳನ್ನು ಕಂಡದ್ದು.

"ಯಾಕ ಬಂದಿ?"

"ನಿಜ ಹೇಳೋಕೆ. ನನಗೆ ಗೊತ್ತಿತ್ತು ಈಶಪ್ಪ. ನಾಲ್ಕು ದಿನ ಗೊತ್ತಿತ್ತು. ಪ್ರೀತಿ ನಾಟಕ ಆಗಿರ್ಲಿಲ್ಲ... ಹೇಳಿದ್ರೆ ಬಿಟ್ಟು ಹೋಗ್ತೀಯೇನೋ ಅಂತ ಹೆದರಿಬಿಟ್ಟೆ."

ಅವನು ಮುಖದ ಧೂಳು ಒರೆಸಿಕೊಂಡ.

"ಕೆಲಸ ಹೋಗಿದ್ದಕ್ಕ ಸಿಟ್ಟಿಲ್ಲ ನನಗ. ಯಂತ್ರ ಬರ್ತಾವ, ಕೆಲಸ ಹೋಗ್ತಾವ. ಆದ್ರ ಗೊತ್ತಿದ್ದೂ ನನ್ನ ಮುಂದ ಕುಂತು ನಕ್ಕಿ ನೋಡು... ಆ ನಗು ಮರಿಯಾಕ ಆಗವಲ್ದು."

"ಮರೀಬೇಡ. ನಾನೂ ಮರೆತಿಲ್ಲ."

ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ. ಆದರೆ ಪಕ್ಕದ ಕಲ್ಲಿನ ಮೇಲಿನ ಧೂಳನ್ನು ಟವೆಲ್ಲಿನಿಂದ ಝಾಡಿಸಿ ಜಾಗ ಮಾಡಿದ. ಅವಳು ಕೂತಳು.

"ನಾಳೆ ಆಸ್ಪತ್ರೆಗೆ ಹೋಗೋಣ. ಬರ್ತೀಯಾ?"

"ಡಾಕ್ಟರು ಈ ಕಿವಿ ಇನ್ನ ಬರಂಗಿಲ್ಲ ಅಂದ್ರ?"

'ಖಂಡಿತ ಬರುತ್ತೆ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ನುಂಗಿಕೊಂಡಳು.

"ಹಾಗಂದ್ರೆ, ಹಾಗೇ ನಿನಗೆ ಹೇಳ್ತೀನಿ. ಮುಚ್ಚಿಡಲ್ಲ. ನಿನ್ನ ಬಲಗಡೆ ನಿಂತು ಹೇಳ್ತೀನಿ."

ಈಶಪ್ಪ ಧೂಳು ಮೆತ್ತಿದ ಕೈಯಿಂದ ಅವಳ ಕೈ ಹಿಡಿದುಕೊಂಡ.

"ಹೂಂ... ಬಲಗಡೆನ ಇರು."