ನಡುವಿನ ಏಳು

"ಕಳ್ಳ! ನನ್ನ ಸಂಖ್ಯೆ ಮಾರಿದ್ದು ನೀನೇ!"

"ಬಾಯಿಗೆ ಬಂದಂಗ ಅನಬ್ಯಾಡ್ರಿ ಮೇಡಮ್ಮೋರ. ಕಲ್ಲು ಕೆತ್ತಾಂವ ನಾ, ಕಳ್ಳ ಅಲ್ಲ!"

ಕಾರ್ಕಳದ ರಸ್ತೆ ಬದಿಯ ಶೆಡ್ಡಿನಲ್ಲಿ ಇಬ್ಬರೂ ಕೈ ಮಿಲಾಯಿಸುವುದೊಂದೇ ಬಾಕಿ. ಎಸ್.ಐ. ವಾರಿಜಾ ನಡುವೆ ನುಗ್ಗಿ ಗದರಿದರು. "ಸಾಕು! ಒಬ್ಬೊಬ್ಬರೇ ಮಾತಾಡಿ."

ಆಂಜೆಲಾ ಮಣಿಪಾಲದ ಕಾಲೇಜೊಂದರ ಗಣಿತ ಪ್ರೊಫೆಸರ್. ಉದ್ದಾನುದ್ದದ ಅವಿಭಾಜ್ಯ ಸಂಖ್ಯೆಯೊಂದನ್ನು ಹುಡುಕಿದ್ದರು. ಒಂದು ಮತ್ತು ತಾನು, ಈ ಎರಡು ಬಿಟ್ಟು ಬೇರಾವುದರಿಂದಲೂ ಭಾಗವಾಗದ್ದು. ಎಡದಿಂದ ಓದಿದರೂ ಬಲದಿಂದ ಓದಿದರೂ ಅದೇ. ಕಾಲೇಜಿನ ಗೋಡೆಗೆಂದು ಅದನ್ನು ತಮ್ಮ ಹೆಸರಿನೊಂದಿಗೆ ಕಲ್ಲಿನಲ್ಲಿ ಕೆತ್ತಲು ಭೀಮೇಶನಿಗೆ ಕೊಟ್ಟಿದ್ದರು. ಇಂದಿನ ಪತ್ರಿಕೆಯಲ್ಲಿ ಸಹೋದ್ಯೋಗಿ ಆಸ್ಟಿನ್ ಅದನ್ನು ತನ್ನದೆಂದು ಸಾರಿಬಿಟ್ಟಿದ್ದ.

"ಇವನ ಫೋನ್ ನೋಡಿ. ನನ್ನ ಹಾಳೆಯ ಫೋಟೊ ಉಂಟು!"

ಹೌದು, ಇತ್ತು. ವಾರಿಜಾ ಭೀಮೇಶನನ್ನು ದುರುಗುಟ್ಟಿ ನೋಡಿದರು.

"ಹಾಳಿ ಹರದು ಹೋದ್ರ ಬೇಕಾಗ್ತದಂತ ತಗದೀನ್ರಿ."

ನಂಬುವ ಮಾತೇ? ವಾರಿಜಾ ಫೋಟೊವನ್ನೂ ಪತ್ರಿಕೆಯನ್ನೂ ಪಕ್ಕಪಕ್ಕ ಇಟ್ಟರು. ಹುಬ್ಬು ಮೇಲೇರಿತು. ಫೋಟೊದಲ್ಲಿ ನಡುವೆ ಒಂದೇ ಏಳು. ಪತ್ರಿಕೆಯಲ್ಲಿ ಎರಡು. ಎದ್ದು ಹೋಗಿ ಕಲ್ಲಿನ ಮೇಲಿನ ಗೋಣಿ ಎಳೆದರು. ಅಲ್ಲಿಯೂ ಎರಡು!

"ಇದು ಹೇಗಾಯ್ತು ಮಾರಾಯ?"

ಭೀಮೇಶ ತಲೆ ಕೆರೆದುಕೊಂಡ. "ನನ್ನ ಜೋಡಿ ಕೆಲಸ ಮಾಡೋ ಹೊಳೆಪ್ಪ ಎಡ ತುದಿಯಿಂದ, ನಾ ಬಲ ತುದಿಯಿಂದ ನಡುವಿಗೆ ಬರ್ತೀವ್ರಿ. ಅಂವ ಒಂದೊಂದ ಅಂಕಿ ಕೂಗತಾನ, ಇಬ್ಬರೂ ಅದನ್ನ ಕೆತ್ತತೀವಿ. ನಡುವಿಂದು ಕೂಗಿದಾಗೂ ಇಬ್ಬರೂ ಹೊಡದ್ವಿ ಕಾಣ್ತದ್ರಿ."

ಆಂಜೆಲಾ ಕಲ್ಲಿನ ಮೇಲಿನ ಎರಡು ಏಳುಗಳ ಮೇಲೆ ಬೆರಳಿಟ್ಟರು. "ಎರಡು ಏಳಾದರೆ ಒಟ್ಟು ಅಂಕಿಗಳ ಎಣಿಕೆ ಸಮಸಂಖ್ಯೆ. ಹಾಗೆ ಹಿಂದೆ ಮುಂದೆ ಒಂದೇ ಇರುವುದೆಲ್ಲ ಹನ್ನೊಂದರಿಂದ ಭಾಗವಾಗ್ತದೆ. 1221 ನೋಡಿ, 3443 ನೋಡಿ. ಅದು ಅವಿಭಾಜ್ಯವೇ ಅಲ್ಲ!"

* * *

ವಾರಿಜಾ ಕರೆಸಿದ್ದಕ್ಕೆ ಆಸ್ಟಿನ್ ನಗುತ್ತಲೇ ಬಂದ.

"ಈ ಕಲ್ಲು ಮೊದಲು ನೋಡಿದ್ದೀರಾ ಸರ್?"

"ಇಲ್ಲಪ್ಪ. ಈ ಕಡೆಗೆ ಬಂದೇ ಇಲ್ಲ."

"ನಿಮ್ಮ ಸಂಖ್ಯೆ ಪರೀಕ್ಷೆ ಮಾಡಿದ್ದೀರಾ?"

"ಮತ್ತೆ? ಹತ್ತು ಸಲ!"

"ಹನ್ನೊಂದರಿಂದ ಭಾಗಿಸಲಿಲ್ಲ, ಅಲ್ವಾ?"

ನಗು ಮಾಯ. ಪತ್ರಿಕೆಯ ಮೇಲೆ ಬೆರಳೋಡಿಸಿದ ಆಸ್ಟಿನ್ ಬಿಳಿಚಿಕೊಂಡ.

"ಹುಡುಕಿದವರಿಗೆ ಈ ತಪ್ಪು ಆಗುವುದಿಲ್ಲ. ಹಾಳೆ ಕದ್ದವನಿಗೂ ಆಗುವುದಿಲ್ಲ. ಎರಡು ಏಳು ಇರುವುದು ಈ ಕಲ್ಲಿನಲ್ಲಿ ಮಾತ್ರ. ಕೆಲಸದವರು ಊಟಕ್ಕೆ ಹೋದಾಗ ಗೋಣಿ ಸರಿಸಿದ್ದು ನೀವೇ ಅಲ್ವಾ?"

"ಗೋಡೆ ಮೇಲೆ ಅವಳ ಹೆಸರು ದಿನಾ ನೋಡ್ಲಿಕ್ಕೆ ನನ್ನಿಂದ ಆಗ್ತಿರಲಿಲ್ಲ..." ಆಸ್ಟಿನ್ ತಲೆ ತಗ್ಗಿಸಿದ. ಪೇದೆ ಅವನನ್ನು ಜೀಪಿಗೆ ಹತ್ತಿಸಿದ.

ಆಂಜೆಲಾ ಭೀಮೇಶನತ್ತ ತಿರುಗಿದರು. "ಭೀಮೇಶ, ಕೋಪದಲ್ಲಿ ಎಂತದೋ ಹೇಳಿಬಿಟ್ಟೆ. ಹೊಸ ಕಲ್ಲು ಕೆತ್ತಿಕೊಡು."

"ಬ್ಯಾರೆಯವರನ್ನ ನೋಡ್ಕೋರಿ. ಓಣಿ ಮಂದಿ ಎಲ್ಲಾ ನಿಂತು ಕೇಳ್ಯಾರ, ನಾ ಕಳ್ಳ ಅಂತ."

ಅಂಗಿ ಕೊಡವಿ ಹೆಗಲಿಗೆ ಹಾಕಿಕೊಂಡ ಭೀಮೇಶ ಬೆಳ್ಮಣ್ ಬಸ್ಸು ಹತ್ತಿದ. ಚಹಾ ಕುಡಿದು ಬರುತ್ತಾನೆ ಎಂದುಕೊಂಡು ಆಂಜೆಲಾ ಸಂಜೆಯವರೆಗೂ ಶೆಡ್ಡಿನಲ್ಲೇ ಕುಳಿತರು. ಅವನು ಬರಲಿಲ್ಲ.